ಪ್ಲೇಯರ್ ಅಂಗಡಿಯಾದಾಗ

ಹತ್ತು ಹನ್ನೆರಡು ವರ್ಷಗಳ ಹಿಂದೆ ನಮ್ಮ ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಮೆಮೊರಿ ಕಾರ್ಡಿಗೆ ಹಾಡು, ಸಿನಿಮಾ ತುಂಬಿಕೊಡುವ ಅಂಗಡಿಗಳಿದ್ದವು. ಜಿಯೋ ಬಂದದ್ದು 2016ರ ಸೆಪ್ಟೆಂಬರಿನಲ್ಲಿ. ಅಲ್ಲಿಯವರೆಗೆ ಡೇಟಾ ದುಬಾರಿ. ಫೋನಿನಲ್ಲಿ ಸಿನಿಮಾ ನೋಡುವುದೆಂದರೆ ಹೆಚ್ಚಿನವರಿಗೆ ಕಾರ್ಡಿನೊಳಗಿನ ಫೈಲ್ ತೆರೆಯುವುದೇ ಆಗಿತ್ತು. ಅಗ್ಗದ ಆಂಡ್ರಾಯ್ಡ್ ಫೋನಿನ ಜತೆಗೆ ಬರುತ್ತಿದ್ದ ಪ್ಲೇಯರಿಗೆ ಬಹಳಷ್ಟು ಫೈಲುಗಳನ್ನು ತೆರೆಯಲು ಆಗುತ್ತಿರಲಿಲ್ಲ. ಚಿತ್ರ ಬಂದರೆ ಧ್ವನಿ ಇಲ್ಲ, ಧ್ವನಿ ಬಂದರೆ ಚಿತ್ರ ನಿಂತು ನಿಂತು ಓಡುತ್ತದೆ. ಆ ತೊಡಕನ್ನು ಬಿಡಿಸಿದ್ದು ಎಂಎಕ್ಸ್ ಪ್ಲೇಯರ್. ದಕ್ಷಿಣ ಕೊರಿಯಾದ ಒಂದು ಸಣ್ಣ ಕಂಪನಿ 2011ರಲ್ಲಿ ತಂದ ಆಪ್ ಅದು. ಫೋನಿನ ಚಿಪ್ಪಿಗೆ ಆಗದ ಫೈಲನ್ನು ಸಾಫ್ಟ್‌ವೇರಿನ ಬಲದಿಂದಲೇ ಬಿಡಿಸಿ ತೋರಿಸುತ್ತಿತ್ತು. ಪರದೆಯ ಒಂದು ಬದಿಯಲ್ಲಿ ಬೆರಳಾಡಿಸಿದರೆ ಬೆಳಕು, ಇನ್ನೊಂದು ಬದಿಯಲ್ಲಿ ಆಡಿಸಿದರೆ ಶಬ್ದ ಹೆಚ್ಚು ಕಡಿಮೆ ಆಗುತ್ತಿತ್ತು. ಮಗುವಿನ ಕೈಗೆ ಫೋನ್ ಕೊಡುವಾಗ ಪರದೆಗೆ ಬೀಗ ಹಾಕಬಹುದಿತ್ತು. ಆಪ್ ತೆರೆದ ಕೂಡಲೇ ಕಾಣುತ್ತಿದ್ದದ್ದು ನಮ್ಮ ಫೋಲ್ಡರುಗಳ ಪಟ್ಟಿ.

ಉಚಿತ ಆವೃತ್ತಿಯಲ್ಲಿ ಆಗಲೂ ಜಾಹೀರಾತು ಇತ್ತು ಎಂಬುದನ್ನು ಮರೆಯಬಾರದು. ಅದು ಬೇಡವೆನ್ನುವವರು ಒಂದು ಸಲ ಹಣ ಕೊಟ್ಟು ಪ್ರೊ ಆವೃತ್ತಿ ಕೊಳ್ಳಬಹುದಿತ್ತು. ಕೊಡುವುದು ಏನು, ಪಡೆಯುವುದು ಏನು ಎಂದು ಎರಡೂ ಕಡೆಯವರಿಗೆ ಗೊತ್ತಿದ್ದ ವ್ಯವಹಾರ.

2018ರಲ್ಲಿ ಟೈಮ್ಸ್ ಇಂಟರ್ನೆಟ್ ಸಂಸ್ಥೆ ಸುಮಾರು 1,000 ಕೋಟಿ ರೂಪಾಯಿಗೆ ಈ ಆಪ್‌ನ ಬಹುಪಾಲನ್ನು ಕೊಂಡಿತು. 2019ರ ಫೆಬ್ರವರಿಯಲ್ಲಿ ಅದೇ ಆಪ್ ಜಾಹೀರಾತಿನ ಆಧಾರದ ಸ್ಟ್ರೀಮಿಂಗ್ ವೇದಿಕೆಯಾಗಿ ಮತ್ತೆ ಬಿಡುಗಡೆಯಾಯಿತು. ಆ ವರ್ಷದ ಅಕ್ಟೋಬರಿನಲ್ಲಿ ಚೀನಾದ ಟೆನ್ಸೆಂಟ್ ಮುಂದಾಳತ್ವದಲ್ಲಿ 11 ಕೋಟಿ ಡಾಲರಿಗೂ ಹೆಚ್ಚು ಬಂಡವಾಳ ಬಂತು. 2020ರಲ್ಲಿ ಪ್ರಕಾಶ್ ಝಾ ನಿರ್ದೇಶನದ 'ಆಶ್ರಮ್' ಸರಣಿ ಬಂದು ದೇಶದಾದ್ಯಂತ ಹೆಸರು ಮಾಡಿತು. ಟಿಕ್‌ಟಾಕ್ ನಿಷೇಧವಾದ ಬೆನ್ನಿಗೇ ಇದೇ ಬಳಗದಿಂದ ಕಿರುವಿಡಿಯೊಗಳ ಟಕಾಟಕ್ ಆಪ್ ಹುಟ್ಟಿತು. 2024ರ ಅಕ್ಟೋಬರಿನಲ್ಲಿ ಅಮೆಜಾನ್ ಎಂಎಕ್ಸ್ ಪ್ಲೇಯರನ್ನು ಕೊಂಡು ತನ್ನ ಮಿನಿಟಿವಿಯ ಜತೆ ಸೇರಿಸಿ 'ಅಮೆಜಾನ್ ಎಂಎಕ್ಸ್ ಪ್ಲೇಯರ್' ಎಂದು ಹೆಸರಿಟ್ಟಿತು.

1,000 ಕೋಟಿಯನ್ನು ಯಾತಕ್ಕೆ ಕೊಟ್ಟರು ಎಂದು ಯೋಚಿಸಬೇಕು. ವಿಡಿಯೊ ಬಿಡಿಸುವ ತಂತ್ರಾಂಶಕ್ಕೆ ಅಷ್ಟು ಬೆಲೆ ಇಲ್ಲ. ಅದರ ಮೂಲ ಸಾಮಗ್ರಿಯಾದ ಎಫ್‌ಎಫ್‌ಎಂಪೆಗ್ ಎಲ್ಲರಿಗೂ ಮುಕ್ತವಾಗಿ ಸಿಗುತ್ತದೆ. ಬೆಲೆ ಇದ್ದದ್ದು ಕೋಟ್ಯಂತರ ಫೋನುಗಳಲ್ಲಿ ಆಗಲೇ ಕೂತಿದ್ದ ಜಾಗಕ್ಕೆ. ಹೊಸ ಸ್ಟ್ರೀಮಿಂಗ್ ಸೇವೆಯೊಂದು ಒಬ್ಬೊಬ್ಬ ನೋಡುಗನನ್ನೂ ಹುಡುಕಿ, ಜಾಹೀರಾತು ಕೊಟ್ಟು, ಆಪ್ ಇಳಿಸಿಕೊಳ್ಳಿ ಎಂದು ಒಪ್ಪಿಸಬೇಕು. ಜನ ತಮ್ಮ ಫೈಲ್ ನೋಡಲೆಂದು ತಾವಾಗಿ ಇಟ್ಟುಕೊಂಡಿದ್ದ ಆಪ್ ಕೈಗೆ ಬಂದರೆ ಆ ಖರ್ಚೆಲ್ಲ ಉಳಿಯುತ್ತದೆ. ಹಳೆಯ ವ್ಯವಹಾರದಲ್ಲಿ ಜಾಹೀರಾತು ಪ್ಲೇಯರನ್ನು ಸಾಕುತ್ತಿತ್ತು. ಹೊಸದರಲ್ಲಿ ಪ್ಲೇಯರು ಜನರನ್ನು ಜಾಹೀರಾತಿನ ಬಳಿಗೆ ಕರೆತರುವ ದಾರಿಯಾಯಿತು. ಎರಡರಲ್ಲೂ ಪರದೆಯ ಮೇಲೆ ಜಾಹೀರಾತೇ ಕಾಣುತ್ತದೆ, ನಿಜ. ಆದರೆ ಆಪ್ ಯಾರ ಕೆಲಸ ಮಾಡುತ್ತಿದೆ ಎಂಬ ಪ್ರಶ್ನೆಗೆ ಉತ್ತರ ಬದಲಾಗಿಬಿಟ್ಟಿದೆ.

ಈ ಬದಲಾವಣೆಯನ್ನು ಬಳಕೆದಾರರು ದೂರಿದಾಗಲೆಲ್ಲ ಅವರಿಗೆ ಸಿಗುವ ಉತ್ತರ ಒಂದೇ: ಪುಕ್ಕಟೆ ಬಳಸುವವರಿಗೆ ಗೊಣಗುವ ಹಕ್ಕಿಲ್ಲ. ಈ ಉತ್ತರ ತಪ್ಪು ಎಂದು ನಾನು ನಂಬುತ್ತೇನೆ. ಅದಕ್ಕೆ ಒಳ್ಳೆಯ ಸಾಕ್ಷಿ ಎಂಎಕ್ಸ್ ಪ್ಲೇಯರಿಗಿಂತ ಪ್ಲೆಕ್ಸ್‌ನಲ್ಲಿದೆ. ಏಕೆಂದರೆ ಅಲ್ಲಿ ಅತಿ ಹೆಚ್ಚು ನೊಂದವರು ಹಣ ಕೊಟ್ಟವರೇ.

ಪ್ಲೆಕ್ಸ್ ಅಮೆರಿಕದ ಕಂಪನಿ. ಅದರ ಬೇರು ಎಕ್ಸ್‌ಬಿಎಂಸಿ ಎಂಬ ಮುಕ್ತ ತಂತ್ರಾಂಶದಲ್ಲಿದೆ. ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಆಟದ ಪೆಟ್ಟಿಗೆಯಲ್ಲಿ ಸಿನಿಮಾ, ಹಾಡು ನಡೆಸಲೆಂದು ಹವ್ಯಾಸಿಗಳು ಕಟ್ಟಿದ್ದು ಎಕ್ಸ್‌ಬಿಎಂಸಿ. 2014ರಲ್ಲಿ ಅದಕ್ಕೆ ಕೋಡಿ ಎಂಬ ಹೆಸರಾಯಿತು. ಅದನ್ನು ಆಪಲ್ ಮ್ಯಾಕ್‌ಗೆ ಹೊಂದಿಸಲು 2007ರ ಸುಮಾರಿಗೆ ಎಲಾನ್ ಫೈನ್‌ಗೋಲ್ಡ್ ಶುರುಮಾಡಿದ ಕೆಲಸ ಕವಲೊಡೆದು ಪ್ಲೆಕ್ಸ್ ಆಯಿತು. ಅದರ ಕೆಲಸ ಸರಳ, ಆದರೆ ಬಹಳ ಚೆಂದ. ಮನೆಯ ಒಂದು ಕಂಪ್ಯೂಟರಿನಲ್ಲೋ ಹಾರ್ಡ್ ಡಿಸ್ಕ್ ಪೆಟ್ಟಿಗೆಯಲ್ಲೋ ನಿಮ್ಮ ಸಿನಿಮಾ, ಹಾಡು, ಮನೆಯ ವಿಡಿಯೊ ಎಲ್ಲ ಇಡುತ್ತೀರಿ. ಪ್ಲೆಕ್ಸ್ ಸರ್ವರ್ ಅವನ್ನೆಲ್ಲ ಗುರುತಿಸಿ, ಪೋಸ್ಟರ್ ಹಚ್ಚಿ, ನಟರ ಹೆಸರು, ವರ್ಷ, ಕಥಾಸಾರ ಸೇರಿಸಿ ಅಚ್ಚುಕಟ್ಟಾಗಿ ಜೋಡಿಸುತ್ತದೆ. ಮನೆಯ ಟಿವಿ, ಫೋನ್, ಟ್ಯಾಬ್ಲೆಟ್ ಯಾವುದರಿಂದ ಬೇಕಾದರೂ ನೋಡಬಹುದು. ಬೇರೆ ಊರಿನಲ್ಲಿದ್ದರೂ ನೋಡಬಹುದು. ಈ ಗ್ರಂಥಾಲಯವನ್ನು ನೆಂಟರಿಗೆ, ಗೆಳೆಯರಿಗೆ ತೆರೆದಿಡಬಹುದು.

ಇಂಥ ಸರ್ವರ್ ಕಟ್ಟುವವರು ಸೋಮಾರಿ ನೋಡುಗರಾಗಿರುವುದಿಲ್ಲ. ಡಿವಿಡಿಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿ, ಫೈಲಿನ ಹೆಸರು ತಿದ್ದಿ, ಸಬ್‌ಟೈಟಲ್ ಹೊಂದಿಸಿ, ಹಾರ್ಡ್ ಡಿಸ್ಕ್ ಕೆಟ್ಟರೆ ಇರಲೆಂದು ಪ್ರತಿ ಇಟ್ಟುಕೊಳ್ಳುವ ಜನ. ಅವರಲ್ಲಿ ಸಾವಿರಾರು ಮಂದಿ ಪ್ಲೆಕ್ಸ್ ಪಾಸ್‌ಗೆ ಹಣ ಕೊಟ್ಟರು, ಎಷ್ಟೋ ಜನ 'ಆಜೀವ' ಪಾಸನ್ನೇ ಕೊಂಡರು. ಕಂಪನಿ ಬಾಳಲಿ, ತಂತ್ರಾಂಶ ಬೆಳೆಯಲಿ ಎಂಬ ಒಲವೂ ಅದರಲ್ಲಿತ್ತು.

2017ರಲ್ಲಿ ಪ್ಲೆಕ್ಸ್‌ಗೆ ಸುದ್ದಿ ವಿಡಿಯೊ ಸೇರಿತು. ಮರುವರ್ಷ ಪಾಡ್‌ಕಾಸ್ಟ್ ಬಂತು. 2019ರ ಡಿಸೆಂಬರಿನಲ್ಲಿ ವಾರ್ನರ್ ಬ್ರದರ್ಸ್, ಎಂಜಿಎಂ, ಲಯನ್ಸ್‌ಗೇಟ್ ಮುಂತಾದವರ ಸಿನಿಮಾಗಳನ್ನು ಜಾಹೀರಾತಿನ ಜತೆ ಉಚಿತವಾಗಿ ತೋರಿಸುವ ಸೇವೆ ಶುರುವಾಯಿತು. 2020ರಲ್ಲಿ ಟಿವಿಯಂತೆ ಹೊತ್ತು ಹೊತ್ತಿಗೆ ಕಾರ್ಯಕ್ರಮ ಬರುವ ಜಾಹೀರಾತು ಚಾನೆಲ್‌ಗಳು, 2022ರಲ್ಲಿ ಬೇರೆ ಬೇರೆ ಒಟಿಟಿಗಳಲ್ಲಿ ಏನಿದೆ ಎಂದು ಹುಡುಕಿಕೊಡುವ ವಿಭಾಗ, 2024ರಲ್ಲಿ ಸಿನಿಮಾ ಬಾಡಿಗೆಗೆ ಕೊಡುವ ಅಂಗಡಿ. ಮನೆಯ ಸಂಗ್ರಹವನ್ನು ನೋಡಲೆಂದು ಟಿವಿ ಹಾಕಿದವರಿಗೆ ಮೊದಲು ಎದುರಾಗುತ್ತಿದ್ದದ್ದು ತಾವು ಎಂದೂ ಕೇಳದ ಸಿನಿಮಾಗಳ ಸಾಲು. ತಮ್ಮದು ಪಕ್ಕದ ಪಟ್ಟಿಯಲ್ಲಿ, 'ಇನ್ನಷ್ಟು' ಎಂಬ ಗುಂಡಿಯ ಹಿಂದೆ.

ನಮಗೆ ಪುಸ್ತಕದ ಕಪಾಟು ಮಾಡಿಕೊಟ್ಟ ಬಡಗಿ ಕೆಲವು ವರ್ಷ ಬಿಟ್ಟು ಬಂದು, ನಮ್ಮ ಪುಸ್ತಕಗಳನ್ನು ಹಿಂದಿನ ಸಾಲಿಗೆ ಸರಿಸಿ, ಮುಂದಿನ ಸಾಲಿನಲ್ಲಿ ತಾನು ಮಾರುವ ಪುಸ್ತಕಗಳನ್ನು ಜೋಡಿಸಿ ಹೋದರೆ ಹೇಗಿರುತ್ತದೆ? ಆ ಪುಸ್ತಕಗಳು ಒಳ್ಳೆಯವೇ ಇರಬಹುದು, ಪುಕ್ಕಟೆಯೂ ಇರಬಹುದು. ನಮಗೆ ನೋವಾಗುವುದು ಕಪಾಟು ನಮ್ಮದು ಎಂದುಕೊಂಡಿದ್ದೆವಲ್ಲ, ಅದಕ್ಕೆ.

ಪ್ಲೆಕ್ಸ್ ಪರವಾಗಿ ಹೇಳಬೇಕಾದ ಮಾತೂ ಇದೆ. ಆನ್‌ಲೈನ್ ವಿಭಾಗಗಳನ್ನು ಮುಚ್ಚುವ ಆಯ್ಕೆಯನ್ನು ಅದು ಸೆಟ್ಟಿಂಗ್ಸ್‌ನಲ್ಲಿ ಇಟ್ಟಿತ್ತು. ತಿಳಿದವರು ಹೋಗಿ ಮುಚ್ಚಿದರು. ಆದರೆ ಸರ್ವರ್ ಕಟ್ಟಿದವರೊಬ್ಬರೇ ಅದನ್ನು ಬಳಸುವುದಿಲ್ಲವಲ್ಲ. ಮನೆಯ ಹಿರಿಯರಿದ್ದಾರೆ, ಮಕ್ಕಳಿದ್ದಾರೆ, ಬೇರೆ ಖಾತೆಯಿಂದ ನೋಡುವ ಅಕ್ಕ ಭಾವ ಇದ್ದಾರೆ. ಒಂದೊಂದು ಖಾತೆಯಲ್ಲೂ ಬೇರೆ ಬೇರೆಯಾಗಿ ಹುಡುಕಿ ಮುಚ್ಚಬೇಕಾದ ಆಯ್ಕೆ ಹೆಚ್ಚಿನವರ ಪಾಲಿಗೆ ಇಲ್ಲದಂತೆಯೇ. ಯಾವುದು ತಾನಾಗಿ ತೆರೆದಿರುತ್ತದೆಯೋ ಅದೇ ಹೆಚ್ಚಿನ ಜನರಿಗೆ ಕೊನೆಯವರೆಗೂ ಉಳಿಯುತ್ತದೆ ಎಂಬುದು ಆಪ್ ಮಾಡುವ ಪ್ರತಿಯೊಬ್ಬರಿಗೂ ಗೊತ್ತು. ಮೊದಲ ಪರದೆಗೆ ಅಷ್ಟು ಬೆಲೆ ಬಂದಿರುವುದೇ ಅದರಿಂದ.

ಮುಂದಿನ ತೊಂದರೆ ಮಾಹಿತಿಯದು. ನಿಮ್ಮ ಡಿಸ್ಕಿನ ಫೈಲನ್ನು ತೋರಿಸುವ ಪ್ಲೇಯರಿಗೆ ನೀವು ಏನು ನೋಡಿದಿರಿ ಎಂದು ಯಾರಿಗೂ ವರದಿ ಒಪ್ಪಿಸುವ ಅಗತ್ಯವಿಲ್ಲ. ಜಾಹೀರಾತಿನ ವೇದಿಕೆಗೆ ಅದೇ ಬಂಡವಾಳ. ಒಂದೇ ಆಪ್‌ನಲ್ಲಿ ಎರಡೂ ಕೂತಾಗ ನಡುವಿನ ಗೋಡೆ ತೆಳ್ಳಗಾಗುತ್ತದೆ. 2017ರ ಆಗಸ್ಟಿನಲ್ಲಿ ಪ್ಲೆಕ್ಸ್ ತನ್ನ ಖಾಸಗಿತನದ ನೀತಿಯನ್ನು ಬದಲಿಸಿ, ಬಳಕೆಯ ಮಾಹಿತಿ ಕೊಡುವುದಿಲ್ಲ ಎನ್ನುವ ಅವಕಾಶವನ್ನು ತೆಗೆಯಲು ಹೊರಟಿತು. ಬಳಕೆದಾರರು ತಿರುಗಿಬಿದ್ದರು, ಕಂಪನಿ ಕೆಲವೇ ದಿನಗಳಲ್ಲಿ ಹಿಂದೆ ಸರಿದು ನೀತಿಯನ್ನು ತಿದ್ದಿತು. 2023ರ ನವೆಂಬರಿನಲ್ಲಿ ಇನ್ನೂ ಕೆಟ್ಟದ್ದು ನಡೆಯಿತು. ಗೆಳೆಯರು ಈ ವಾರ ಏನೇನು ನೋಡಿದರು ಎಂಬ ಮಿಂಚಂಚೆ ವಾರವಾರ ಹೋಗತೊಡಗಿತು. ತಮ್ಮ ಮನೆಯ ಸರ್ವರಿನಿಂದ ನೋಡಿದ ಸಿನಿಮಾಗಳ ಹೆಸರು ಸಹೋದ್ಯೋಗಿಗಳ, ನೆಂಟರ ಅಂಚೆಪೆಟ್ಟಿಗೆಗೆ ತಲುಪಿದ್ದನ್ನು ಕಂಡು ಜನ ಬೆಚ್ಚಿದರು. ಅದರಲ್ಲಿ ವಯಸ್ಕರ ಚಿತ್ರಗಳೂ ಇದ್ದವು. ಯಾವುದೋ ಪರದೆಯಲ್ಲಿ ಯಾವಾಗಲೋ 'ಸರಿ' ಒತ್ತಿದ್ದನ್ನು ಒಪ್ಪಿಗೆ ಎಂದು ಎಣಿಸುವುದು ನ್ಯಾಯವೇ ಎಂಬ ಪ್ರಶ್ನೆ ಅಲ್ಲಿ ಎದ್ದಿತು. ನನ್ನ ಉತ್ತರ, ಅಲ್ಲ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ಯಾವ ಉದ್ದೇಶಕ್ಕೆ ಒಪ್ಪಿಗೆ ಕೊಟ್ಟಿದ್ದೇವೆಯೋ ಅದಕ್ಕಷ್ಟೇ ಮಾಹಿತಿ ಬಳಸಬೇಕು ಎಂಬ ತತ್ವದ ಮೇಲೆ ನಿಂತಿದೆ. ಡಿಸ್ಕಿನಲ್ಲಿರುವ ಸಿನಿಮಾ ತೆರೆದು ತೋರಿಸು ಎಂದು ಹೇಳಿದವನು ಅದರ ಹೆಸರನ್ನು ಊರಿಗೆಲ್ಲ ಹೇಳು ಎಂದಿಲ್ಲ.

ಇದೇನು ಹೊಸ ಚಾಳಿಯಲ್ಲ. 1999ರಲ್ಲಿ ರಿಯಲ್‌ನೆಟ್‌ವರ್ಕ್ಸ್ ಕಂಪನಿಯ ರಿಯಲ್‌ಜ್ಯೂಕ್‌ಬಾಕ್ಸ್ ಬಳಕೆದಾರರು ಕೇಳುವ ಸಿಡಿಗಳ ವಿವರವನ್ನು ಗುರುತಿನ ಸಂಖ್ಯೆಯ ಸಮೇತ ಕಂಪನಿಗೆ ಕಳಿಸುತ್ತಿತ್ತೆಂದು ಹೊರಬಿದ್ದಾಗಲೂ ಇಂಥದೇ ಗಲಾಟೆ ಆಗಿತ್ತು. ಆ ಕಂಪನಿಯ ರಿಯಲ್‌ಪ್ಲೇಯರ್ ಒಂದು ಕಾಲಕ್ಕೆ ಇಂಟರ್ನೆಟ್ ವಿಡಿಯೊಗೆ ಇನ್ನೊಂದು ಹೆಸರಿನಂತಿತ್ತು. ಪರದೆಯ ಮೂಲೆಯಲ್ಲಿ ಪದೇ ಪದೇ ಚಿಮ್ಮುವ ಪ್ರಚಾರದ ಸಂದೇಶಗಳಿಂದ ಬೇಸತ್ತು ಜನ ಅದನ್ನು ಬಿಟ್ಟರು.

ಖಾತೆ ಕಡ್ಡಾಯವಾದರೆ ಮತ್ತೊಂದು ಅಪಾಯವಿದೆ. 2022ರ ಆಗಸ್ಟಿನಲ್ಲಿ ಪ್ಲೆಕ್ಸ್‌ನ ದತ್ತಸಂಚಯಕ್ಕೆ ಕನ್ನ ಬಿತ್ತು. ಬಳಕೆದಾರರ ಹೆಸರು, ಮಿಂಚಂಚೆ, ಗೂಢಲಿಪಿಯಲ್ಲಿದ್ದ ಪಾಸ್‌ವರ್ಡು ಹೊರಗೆ ಹೋದವು, ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಕಂಪನಿ ಕೇಳಿಕೊಂಡಿತು. 2025ರ ಸೆಪ್ಟೆಂಬರಿನಲ್ಲಿ ಅದೇ ಮತ್ತೆ ನಡೆಯಿತು. ಹಜಾರದ ಟಿವಿಯಲ್ಲಿ ಪಕ್ಕದ ಕೋಣೆಯ ಡಿಸ್ಕಿನಲ್ಲಿರುವ ಮದುವೆ ವಿಡಿಯೊ ನೋಡಲು ಸಾಗರದಾಚೆಯ ಸರ್ವರಿನಲ್ಲಿ ಹೆಸರು ನೋಂದಾಯಿಸಬೇಕಾದದ್ದೇಕೆ ಎಂದು ಆಗ ಕೇಳಿದವರ ಮಾತಿನಲ್ಲಿ ಹುರುಳಿತ್ತು.

ಇಷ್ಟೆಲ್ಲ ಆದಮೇಲೆ 2025ರ ಏಪ್ರಿಲ್ 29ರಿಂದ ದರ ಏರಿತು. ಆಜೀವ ಪಾಸು 119.99 ಡಾಲರಿನಿಂದ 249.99 ಡಾಲರಿಗೆ ಜಿಗಿಯಿತು, ತಿಂಗಳ ಚಂದಾ 4.99ರಿಂದ 6.99ಕ್ಕೆ. ಅದಕ್ಕಿಂತ ಹೆಚ್ಚಾಗಿ ಜನರನ್ನು ಚುಚ್ಚಿದ್ದು ದೂರದಿಂದ ನೋಡುವ ಸೌಲಭ್ಯಕ್ಕೆ ಬೆಲೆ ಕಟ್ಟಿದ್ದು. ಅಲ್ಲಿಯವರೆಗೆ ಅದು ಉಚಿತವಾಗಿತ್ತು. ಈಗ ಸರ್ವರಿನ ಒಡೆಯರ ಹತ್ತಿರ ಪ್ಲೆಕ್ಸ್ ಪಾಸ್ ಇಲ್ಲದಿದ್ದರೆ, ದೂರದಲ್ಲಿರುವ ನೋಡುಗರು ತಿಂಗಳಿಗೆ 1.99 ಡಾಲರಿನ ಇನ್ನೊಂದು ಪಾಸು ಕೊಳ್ಳಬೇಕು. ಹೊರದೇಶದಲ್ಲಿರುವ ನಮ್ಮವರ ಮನೆಗಳಲ್ಲೂ ಇಂಥ ಸರ್ವರುಗಳಿವೆ; ಮಗಳು ಅಲ್ಲಿಂದ ಮೊಮ್ಮಕ್ಕಳ ವಿಡಿಯೊ ಏರಿಸಿದರೆ ಇಲ್ಲಿ ಅಜ್ಜ ಅಜ್ಜಿ ಟಿವಿಯಲ್ಲಿ ನೋಡುತ್ತಾರೆ. ಇಲ್ಲಿ ತಾಂತ್ರಿಕ ವಿಷಯವೊಂದನ್ನು ಬಿಡಿಸಿ ಹೇಳಬೇಕು. ಸಾಮಾನ್ಯವಾಗಿ ಈ ವಿಡಿಯೊ ಪ್ಲೆಕ್ಸ್ ಕಂಪನಿಯ ಮೂಲಕ ಹಾದುಹೋಗುವುದಿಲ್ಲ. ಒಂದು ಮನೆಯ ಬ್ರಾಡ್‌ಬ್ಯಾಂಡಿನಿಂದ ಹೊರಟು ನೇರವಾಗಿ ಇನ್ನೊಂದು ಮನೆಗೆ ಬರುತ್ತದೆ. ಎರಡು ಕಡೆಯವರ ಗುರುತು ಖಚಿತಪಡಿಸಿ, ಸರ್ವರ್ ಎಲ್ಲಿದೆ ಎಂದು ವಿಳಾಸ ಹೇಳಿ, ಸಂಪರ್ಕಕ್ಕೆ ಸುರಕ್ಷತಾ ಪ್ರಮಾಣಪತ್ರ ಒದಗಿಸುವುದು ಕಂಪನಿಯ ಪಾತ್ರ. ನೇರ ಸಂಪರ್ಕ ಸಾಧ್ಯವಾಗದಿದ್ದರೆ ಮಾತ್ರ ಕಂಪನಿಯ ಯಂತ್ರಗಳ ಮೂಲಕ ಕಡಿಮೆ ವೇಗದಲ್ಲಿ ಸಾಗುತ್ತದೆ. ಈ ಪಾತ್ರ ಸಣ್ಣದಲ್ಲ, ಅದಕ್ಕೆ ಖರ್ಚೂ ಇದೆ. ಆದರೆ ವರ್ಷಗಟ್ಟಲೆ ಹಣ ಕೊಟ್ಟು ಬೆಳೆಸಿದವರು ಕೇಳಿದ ಪ್ರಶ್ನೆಗೂ ತೂಕವಿತ್ತು: ನಾವು ಕೊಟ್ಟದ್ದನ್ನು ನಾವು ಕೇಳದ ಸಿನಿಮಾ ಚಾನೆಲ್‌ಗಳಿಗೆ ಸುರಿದು, ಈಗ ನಮಗೆ ಬೇಕಾದ ಒಂದೇ ಸೌಲಭ್ಯಕ್ಕೆ ಮತ್ತೆ ಕೈಚಾಚಿದರೆ ಹೇಗೆ?

ಇನ್ನು ಕಂಪನಿಗಳ ಪಕ್ಷ. ಅದನ್ನು ಹಗುರವಾಗಿ ತಳ್ಳಿಹಾಕುವವನು ನಾನಲ್ಲ.

ಪ್ಲೇಯರ್ ಎಂಬುದು ಒಂದು ಸಲ ಮಾಡಿ ಬಿಟ್ಟುಬಿಡುವ ವಸ್ತುವಲ್ಲ. ಆಂಡ್ರಾಯ್ಡ್ ಪ್ರತಿವರ್ಷ ಬದಲಾಗುತ್ತದೆ, ಟಿವಿ ಕಂಪನಿಗೊಂದು ವ್ಯವಸ್ಥೆ, ಹೊಸ ಹೊಸ ವಿಡಿಯೊ ವಿಧಾನಗಳು. ಕೆಲವು ಧ್ವನಿ ವಿಧಾನಗಳಿಗೆ ಪೇಟೆಂಟ್ ಇದೆ; ಆ ಕಾರಣಕ್ಕೆ ಎಂಎಕ್ಸ್ ಪ್ಲೇಯರ್ ಡಿಟಿಎಸ್, ಎಸಿ3 ಧ್ವನಿಯ ಬೆಂಬಲವನ್ನು ಕೈಬಿಡಬೇಕಾಗಿ ಬಂತು, ಜನ ಬೇರೆ ಕಡೆಯಿಂದ ಕೋಡೆಕ್ ಫೈಲ್ ತಂದು ಸೇರಿಸಿಕೊಳ್ಳುತ್ತಿದ್ದರು. ಒಂದು ಸಲ ಹಣ ಪಡೆದು ಆಜೀವ ಸೇವೆ ಕೊಡುತ್ತೇವೆ ಎಂಬ ಮಾತೇ ಲೆಕ್ಕಕ್ಕೆ ಹೊಂದುವುದಿಲ್ಲ. ಹೊಸ ಗಿರಾಕಿಗಳು ಬರುತ್ತಲೇ ಇದ್ದರೆ ಮಾತ್ರ ಅದು ನಡೆಯುತ್ತದೆ. ಸ್ವಂತ ಸರ್ವರ್ ಕಟ್ಟುವವರ ಸಂಖ್ಯೆ ಹಾಗೆ ಬೆಳೆಯುವಂಥದ್ದಲ್ಲ. 2023ರಲ್ಲಿ ಪ್ಲೆಕ್ಸ್ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ. 20ರಷ್ಟು ಜನರನ್ನು ಮನೆಗೆ ಕಳಿಸಿತು. ಕಂಪನಿ ನಡೆಸುವವರ ಒತ್ತಡ ಸುಳ್ಳಲ್ಲ.

ಜಾಹೀರಾತಿನ ಸ್ಟ್ರೀಮಿಂಗ್ ಎಂಬುದೇ ಕೆಟ್ಟದ್ದು ಎಂದೂ ನಾನು ಹೇಳಲಾರೆ. ತಿಂಗಳ ಚಂದಾ ಕೊಡಲಾಗದ ಮನೆಗಳು ಈ ದೇಶದಲ್ಲಿ ಬಹಳ. 'ಆಶ್ರಮ್'ನಂಥ ಸರಣಿಯನ್ನು ಒಂದು ಪೈಸೆ ಕೊಡದೆ, ನಡುನಡುವೆ ಜಾಹೀರಾತು ಸಹಿಸಿ ನೋಡಿದ ಕೋಟ್ಯಂತರ ಜನರಿಗೆ ಅದು ನಿಜವಾದ ಲಾಭ. ರೇಡಿಯೊ, ದೂರದರ್ಶನಗಳ ಕಾಲದಿಂದ ನಾವು ಹಾಗೆಯೇ ನೋಡುತ್ತ, ಕೇಳುತ್ತ ಬಂದವರು. ಅದನ್ನು ಬೇರೆ ಆಪ್ ಮಾಡಿ ಕೊಟ್ಟಿದ್ದರೆ ನನ್ನದೇನೂ ತಕರಾರಿಲ್ಲ.

ಕಳ್ಳಪ್ರತಿಯ ಮಾತನ್ನೂ ಎದುರಿಸಬೇಕು. ಫೋನಿನ ಕಾರ್ಡುಗಳಲ್ಲಿದ್ದ ಸಿನಿಮಾಗಳಲ್ಲಿ ಬಹುಪಾಲು ಕಳ್ಳಪ್ರತಿ ಎಂಬುದು ಎಲ್ಲರಿಗೂ ಗೊತ್ತು, ಪ್ಲೆಕ್ಸ್ ಸರ್ವರುಗಳಲ್ಲೂ ಅಂಥವು ಸಾಕಷ್ಟಿವೆ. ಹಕ್ಕು ಪಡೆದ ಸಿನಿಮಾ ಕೊಟ್ಟು ಜನರನ್ನು ನೇರ ದಾರಿಗೆ ತರುತ್ತಿದ್ದೇವೆ ಎಂದು ಕಂಪನಿ ಹೇಳಿದರೆ ಅದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಕಾಣಬೇಕಾದರೆ ಕನ್ನಡದ ಕಡೆಯಿಂದ ನೋಡಬೇಕು.

ಮೋಸರ್ ಬೇರ್ ಎಂಬ ಕಂಪನಿ 2007ರ ಸುಮಾರಿಗೆ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರತೊಡಗಿತು. ಕಳ್ಳಪ್ರತಿಗಿಂತ ಅಗ್ಗಕ್ಕೆ ಸಾಚಾ ಪ್ರತಿ ಕೊಟ್ಟ ಒಳ್ಳೆಯ ಪ್ರಯತ್ನ ಅದು. ನಮ್ಮ ಎಷ್ಟೋ ಮನೆಗಳಲ್ಲಿ ಹಳೆಯ ಸಿನಿಮಾಗಳ ಸಂಗ್ರಹ ಬೆಳೆದದ್ದು ಆ ಕಾಲದಲ್ಲೇ. 2018ರಲ್ಲಿ ಆ ಕಂಪನಿ ದಿವಾಳಿಯಾಗಿ ಮುಚ್ಚಿಹೋಯಿತು. ಹಣ ಕೊಟ್ಟು ಕೊಂಡ ಆ ಡಿಸ್ಕುಗಳು ಮನೆಯಲ್ಲಿವೆ, ಅವನ್ನು ನಡೆಸುವ ಯಂತ್ರ ಕೆಟ್ಟಿದೆ. ಡಿಸ್ಕಿನಿಂದ ಇಳಿಸಿಟ್ಟ ಫೈಲೊಂದೇ ಈಗ ಗತಿ. ಅದರಲ್ಲಿರುವ ಹಳೆಯ ಸಿನಿಮಾ ಯಾವ ಒಟಿಟಿಯಲ್ಲೂ ಸಿಗದೆ ಇರಬಹುದು, ಸಿಕ್ಕರೂ ಇಂದು ಇದ್ದು ನಾಳೆ ಹಕ್ಕು ಮುಗಿದು ಮಾಯವಾಗಬಹುದು.

ಹೊಸ ಕನ್ನಡಕ್ಕೂ ಒಟಿಟಿಗಳ ಬಾಗಿಲು ಸುಲಭಕ್ಕೆ ತೆರೆಯುವುದಿಲ್ಲ. ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆ ಕರಾವಳಿಯ ಕಥೆಗಳನ್ನು ಹೆಣೆದು 'ಏಕಂ' ಎಂಬ ಸರಣಿಯನ್ನು ತಯಾರಿಸಿತು. ಕೊಳ್ಳುವ ವೇದಿಕೆ ಸಿಗದೆ ಕೊನೆಗೆ 2024ರ ಜುಲೈಯಲ್ಲಿ ತಮ್ಮದೇ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. ಅಷ್ಟು ಹೆಸರಿದ್ದವರ ಪಾಡೇ ಹೀಗಾದರೆ, ಪಟ್ಟಿಯಲ್ಲಿ ಕನ್ನಡಕ್ಕೆ ಸಿಗುವ ಜಾಗ ಎಷ್ಟೆಂದು ಊಹಿಸಬಹುದು. ರಾತ್ರಿಯಿಡೀ ನಡೆದ ಯಕ್ಷಗಾನದ ಚಿತ್ರೀಕರಣ, ಊರಿನ ಹವ್ಯಾಸಿ ತಂಡದ ನಾಟಕ, ಕ್ಯಾಸೆಟ್ಟಿನಿಂದ ಇಳಿಸಿದ ಗಮಕ, ತೀರಿಹೋದ ಅಜ್ಜಿ ಹೇಳಿದ ಸೋಬಾನೆ, ಇವೆಲ್ಲ ಇರುವುದು ಆಸಕ್ತರ ಹಾರ್ಡ್ ಡಿಸ್ಕುಗಳಲ್ಲಿ. ಯಾವ ಜಾಹೀರಾತುದಾರನಿಗೂ ಇವು ಬೇಕಿಲ್ಲ. ದೊಡ್ಡ ಭಾಷೆಯ ನೋಡುಗನಿಗೆ ತನ್ನ ಫೈಲು ಹಿಂದಿನ ಸಾಲಿಗೆ ಹೋದರೆ ಆಗುವುದು ಕಿರಿಕಿರಿ. ನಮಗೆ ಹಾಗಲ್ಲ. ಮುಂದಿನ ಸಾಲಿನಲ್ಲಿ ನಮ್ಮದು ಇರುವುದೇ ಅಪರೂಪವಾದ್ದರಿಂದ, ಸ್ವಂತ ಸಂಗ್ರಹ ಮತ್ತು ಅದನ್ನು ಹೇಳಿದಂತೆ ತೆರೆದು ತೋರಿಸುವ ಪ್ಲೇಯರು ನಮ್ಮ ನೆನಪಿನ ಸಾಧನ. ಈ ವಿಷಯದಲ್ಲಿ ಕನ್ನಡಿಗರು ಬೇರೆಯವರಿಗಿಂತ ಹೆಚ್ಚು ಎಚ್ಚರವಾಗಿರಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಹಾಗಾದರೆ ಬಳಕೆದಾರರು ಏನು ಮಾಡಬಲ್ಲರು? ಗೊಣಗಿ ಸುಮ್ಮನಾದವರೇ ಹೆಚ್ಚು. ಕೆಲವರು ಮಾತ್ರ ಕಟ್ಟಲು ಕೂತರು. ಪ್ಲೆಕ್ಸ್‌ನಂಥದೇ ಕೆಲಸ ಮಾಡುವ ಎಂಬಿ ಎಂಬ ತಂತ್ರಾಂಶ 2018ರ ಕೊನೆಯಲ್ಲಿ ತನ್ನ ಮೂಲಸಂಕೇತವನ್ನು ಮುಚ್ಚಿಟ್ಟಿತು. ಅದಾಗಲೇ ಹೊರಗಿದ್ದ ಮುಕ್ತ ಸಂಕೇತವನ್ನು ಹಿಡಿದು ಕೆಲವರು ಜೆಲ್ಲಿಫಿನ್ ಶುರುಮಾಡಿದರು. ಅದು ಸ್ವಯಂಸೇವಕರ ಕೆಲಸ, ದೇಣಿಗೆಯಿಂದ ನಡೆಯುತ್ತದೆ. ಕಂಪನಿಯ ಖಾತೆ ಬೇಡ, ಜಾಹೀರಾತಿಲ್ಲ, ನೀವು ಏನು ನೋಡಿದಿರೆಂಬುದು ನಿಮ್ಮ ಮನೆಯ ಹೊಸ್ತಿಲು ದಾಟುವುದಿಲ್ಲ. ಪ್ಲೆಕ್ಸ್ ದರ ಏರಿಸಿದಾಗ ಬಹಳ ಜನ ಇದರ ಕಡೆ ಹೊರಳಿ ನೋಡಿದರು. ಇದರ ಕಷ್ಟವನ್ನೂ ಮುಚ್ಚಿಡಬಾರದು: ಬೇರೆ ಊರಿನಿಂದ ನೋಡಬೇಕಾದರೆ ಆ ಏರ್ಪಾಡನ್ನು ನೀವೇ ಮಾಡಿಕೊಳ್ಳಬೇಕು, ಅದರ ಸುರಕ್ಷತೆಯ ಹೊಣೆಯೂ ನಿಮ್ಮದೇ. ಕಂಪ್ಯೂಟರಿನ ಒಳಗುಟ್ಟು ತಿಳಿಯದವರಿಗೆ ಅದು ಸಲೀಸಲ್ಲ. ಪ್ಲೆಕ್ಸ್ ಹಣ ಕೇಳುವುದು ಈ ಕಷ್ಟವನ್ನು ತಪ್ಪಿಸಿದ್ದಕ್ಕೆ. ಹಾಗೆಂದು ನೇರವಾಗಿ ಹೇಳಿ, ಆ ಒಂದು ಕೆಲಸಕ್ಕೇ ಮೊದಲಿನಿಂದ ಬೆಲೆ ಕಟ್ಟಿದ್ದರೆ ಇಷ್ಟು ಕಹಿ ಹುಟ್ಟುತ್ತಿರಲಿಲ್ಲವೇನೋ.

ಕೊನೆಗೆ ವಿಎಲ್‌ಸಿ. ಕಿತ್ತಳೆ ಬಣ್ಣದ ರಸ್ತೆಯ ಕೋನ್ ಚಿಹ್ನೆಯ ಆ ಪ್ಲೇಯರ್ ಇಲ್ಲದ ಕಂಪ್ಯೂಟರ್ ಕಡಿಮೆ. 1996ರಲ್ಲಿ ಪ್ಯಾರಿಸ್ಸಿನ ಎಕೋಲ್ ಸೆಂಟ್ರಾಲ್ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಯೋಜನೆಯಾಗಿ ಶುರುವಾಯಿತು, 2001ರಲ್ಲಿ ಮುಕ್ತ ತಂತ್ರಾಂಶವಾಯಿತು. ಇಂದಿಗೂ ಲಾಭದ ಉದ್ದೇಶವಿಲ್ಲದ ವಿಡಿಯೊಲ್ಯಾನ್ ಸಂಘ ಅದನ್ನು ನೋಡಿಕೊಳ್ಳುತ್ತದೆ. ಜಾಹೀರಾತು ಸೇರಿಸಿದರೆ ಕೋಟಿಗಟ್ಟಲೆ ಯೂರೋ ಕೊಡುತ್ತೇವೆಂದು ಬಂದವರನ್ನು ಅದರ ಮುಖ್ಯಸ್ಥ ಜಾನ್ ಬ್ಯಾಪ್ಟಿಸ್ಟ್ ಕೆಂಫ್ ವಾಪಸು ಕಳಿಸಿದ್ದು ತಂತ್ರಾಂಶ ಲೋಕದಲ್ಲಿ ಎಲ್ಲರೂ ಗೌರವದಿಂದ ನೆನೆಯುವ ಸಂಗತಿ. 2022ರಲ್ಲಿ ಭಾರತದಲ್ಲಿ ಅದರ ಜಾಲತಾಣವನ್ನು ತಿಂಗಳುಗಟ್ಟಲೆ ತಡೆದಿದ್ದರು. ಇಂಟರ್ನೆಟ್ ಫ್ರೀಡಂ ಫೌಂಡೇಶನ್ ನೆರವಿನಿಂದ ಕಾನೂನು ನೋಟಿಸು ಹೋದಮೇಲೆ ನವೆಂಬರಿನಲ್ಲಿ ತಡೆ ತೆರವಾಯಿತು. ಈ ಪ್ಲೇಯರ್ 600 ಕೋಟಿ ಸಲ ಡೌನ್‌ಲೋಡ್ ಆಗಿದೆ ಎಂದು 2025ರ ಜನವರಿಯಲ್ಲಿ ಘೋಷಿಸಿದರು.

ಅದಕ್ಕೆ ಒಂದು ವರ್ಷ ಮೊದಲು, ವಿಎಲ್‌ಸಿಯೂ ಜಾಹೀರಾತು ಆಧಾರದ ಚಾನೆಲ್‌ಗಳನ್ನು ಸೇರಿಸುವ ಯೋಚನೆಯಲ್ಲಿದೆ ಎಂಬ ಸುದ್ದಿ ಬಂದಾಗ ಅದನ್ನು ಪ್ರೀತಿಸುವವರ ಎದೆ ಧಸಕ್ಕೆಂದಿತು. ನನಗೂ ಕಳವಳವಾಯಿತು. ಆದರೆ ನನ್ನ ವಾದವನ್ನು ನಾನೇ ಇಲ್ಲಿ ಒರೆಗೆ ಹಚ್ಚಬೇಕು. ವಿಎಲ್‌ಸಿಯ ಕಂಪ್ಯೂಟರ್ ಆವೃತ್ತಿಯಲ್ಲಿ ಬಹಳ ವರ್ಷಗಳಿಂದ 'ಇಂಟರ್ನೆಟ್' ಎಂಬ ವಿಭಾಗವಿದೆ. ಅಲ್ಲಿ ಐಸ್‌ಕಾಸ್ಟ್ ರೇಡಿಯೊ ಕೇಂದ್ರಗಳ ಪಟ್ಟಿ ಇದೆ. ಅದರ ಬಗ್ಗೆ ದೊಡ್ಡ ತಕರಾರು ಎದ್ದದ್ದೇ ಇಲ್ಲ. ಏಕೆಂದರೆ ಅದು ಪ್ಲೇಲಿಸ್ಟಿನ ಪಕ್ಕದ ಪಟ್ಟಿಯಲ್ಲಿ ತನ್ನ ಪಾಡಿಗೆ ತಾನು ಕೂತಿದೆ. ನೀವು ಹೋಗಿ ಒತ್ತಿದರೆ ಮಾತ್ರ ತೆರೆಯುತ್ತದೆ. ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಇಂದಿಗೂ ಆ ಫೈಲೇ ತೆರೆದುಕೊಳ್ಳುತ್ತದೆ, ನಡುವೆ ಏನೂ ಬರುವುದಿಲ್ಲ. ಹೊಸ ಚಾನೆಲ್‌ಗಳೂ ಅದೇ ಮರ್ಯಾದೆಯಲ್ಲಿದ್ದರೆ, ಅಂದರೆ ಬೇಕೆಂದವರು ತೆರೆದುಕೊಳ್ಳುವವರೆಗೆ ಮುಚ್ಚಿದ್ದು, ಖಾತೆ ಕೇಳದೆ, ನಮ್ಮ ಫೈಲುಗಳ ಹೆಸರನ್ನು ಮುಟ್ಟದೆ, ನೆಟ್ ಇಲ್ಲದಾಗಲೂ ಪ್ಲೇಯರನ್ನು ಎಂದಿನಂತೆ ನಡೆಯಲು ಬಿಟ್ಟರೆ, ಅದರಿಂದ ಬರುವ ಹಣ ತಂತ್ರಾಂಶವನ್ನು ಕಾಪಾಡುವವರಿಗೆ ಸಂದರೆ, ನಾನು ವಿರೋಧಿಸುವುದಿಲ್ಲ. ಸ್ವಯಂಸೇವಕರಿಗೂ ಊಟ, ಬಾಡಿಗೆ ಇದೆ. ಈ ಪ್ಲೇಯರನ್ನು ದಿನವೂ ಬಳಸಿ ವಿಡಿಯೊಲ್ಯಾನ್‌ಗೆ ಒಂದು ರೂಪಾಯಿ ಕೊಡದವರೇ ನಮ್ಮಲ್ಲಿ ಬಹುಮಂದಿ. ಅದರ ಜಾಲತಾಣದಲ್ಲಿ ದೇಣಿಗೆಯ ಗುಂಡಿ ವರ್ಷಗಳಿಂದ ಇದೆ.

ಹಾಗಾಗದೆ ಮೊದಲ ಪರದೆಯೇ ಚಾನೆಲ್‌ಗಳ ಪಾಲಾದರೆ? ವಿಎಲ್‌ಸಿಯ ಮೂಲಸಂಕೇತ ಎಲ್ಲರ ಕೈಯಲ್ಲಿದೆ. ಎಕ್ಸ್‌ಬಿಎಂಸಿಯಿಂದ ಪ್ಲೆಕ್ಸ್, ಎಂಬಿಯಿಂದ ಜೆಲ್ಲಿಫಿನ್ ಒಡೆದಂತೆ, ಬಲ್ಲವರು ಅದರ ಹಳೆಯ ರೂಪವನ್ನು ಹಿಡಿದು ಬೇರೊಂದು ಪ್ಲೇಯರ್ ಕಟ್ಟಬಹುದು. ಎಂಎಕ್ಸ್ ಪ್ಲೇಯರ್ ಆಪ್‌ನ ಸಂಕೇತ ಮುಚ್ಚಿತ್ತು. ಅದು 2019ರಲ್ಲಿ ಬದಲಾದಾಗ ಅದನ್ನು ನೆಚ್ಚಿಕೊಂಡಿದ್ದವರಿಗೆ ಈ ದಾರಿ ಇರಲಿಲ್ಲ. ಬಂದದ್ದನ್ನು ಒಪ್ಪಿಕೊಳ್ಳಬೇಕಿತ್ತು, ಇಲ್ಲವೇ ಬಿಟ್ಟು ಬೇರೆ ಆಪ್ ಹುಡುಕಬೇಕಿತ್ತು. ಮುಂದಿನ ಸಲ ಫೋನಿಗೆ, ಟಿವಿಗೆ ಪ್ಲೇಯರ್ ಹಾಕಿಕೊಳ್ಳುವಾಗ ಎಷ್ಟು ಬಗೆಯ ಫೈಲು ತೆರೆಯುತ್ತದೆ ಎಂಬುದರ ಜತೆಗೆ, ಅದರ ಸಂಕೇತ ಯಾರ ಕೈಯಲ್ಲಿದೆ, ಅದನ್ನು ನಡೆಸುವವರ ಖರ್ಚು ಎಲ್ಲಿಂದ ಹುಟ್ಟುತ್ತದೆ ಎಂಬೆರಡನ್ನೂ ನೋಡಬೇಕು.